ಕೈಗೆ ಸಿಗದ ಬೆಕ್ಕಿಗೆ ಊಟ ಹಾಕುವುದು ಹೇಗೆ

ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಒಂದು ಸೈಟನ್ನು ನಾವೊಂದಿಷ್ಟು ಮನೆಯವರು ಸೇರಿ ತರಕಾರಿ ತೋಟ ಮಾಡಿಕೊಂಡಿದ್ದೇವೆ. ಬೆಂಗಳೂರಿನಲ್ಲಿ ಈಗ ಇಂಥ ತೋಟಗಳು ಅಲ್ಲಲ್ಲಿ ಇವೆ. ಮನೆಗೆ ಎರಡು ಮಡಿ. ಸೊಪ್ಪು, ಬದನೆ, ಹೀರೇಕಾಯಿ ಚಪ್ಪರ, ಮೂಲೆಯಲ್ಲಿ ಒಂದು ನುಗ್ಗೆ ಮರ, ಅದರ ಪಕ್ಕ ಗೊಬ್ಬರದ ಗುಂಡಿ. ಗುಂಡಿಗೆ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ಬೆಕ್ಕಿನ ಹಿಂದೆ ನಾನು ಹೋದೆ.

ಅದು ಓಡಿಹೋಯಿತು. ಬೂದಿ ಬಣ್ಣದ ಹೆಣ್ಣು ಬೆಕ್ಕು, ಹಾಗಾಗಿ ನಾನು ಅದನ್ನು ಬೂದಿ ಅಂತಲೇ ಕರೆಯುತ್ತೇನೆ. ಕಾಂಪೌಂಡಿನ ಮೇಲೆ ನಿಂತು ಒಂದು ಸಲ ತಿರುಗಿ ನೋಡಿ, ಆಚೆ ಜಿಗಿದು ಮಾಯ. ಆ ಬೆಕ್ಕು ನನ್ನ ಬೆರಳನ್ನು ಮೂಸಿ ನೋಡುವುದಕ್ಕೆ ಏಳು ತಿಂಗಳು ಹಿಡಿಯಿತು. ಇವತ್ತಿಗೂ ಎತ್ತಿಕೊಳ್ಳಲು ಬಿಡುವುದಿಲ್ಲ. ಆ ಏಳು ತಿಂಗಳಲ್ಲಿ ನಾನು ಮಾಡಿದ ಎಡವಟ್ಟುಗಳನ್ನು ನೀವೂ ಮಾಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರ ಏನೂ ಹಾಕಬೇಡಿ

ಸುಮ್ನೆ ನೋಡಿ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತು, ಸಂಜೆ ಕತ್ತಲಾಗುವ ಹೊತ್ತು ಬೆಕ್ಕುಗಳು ಓಡಾಡುವ ಸಮಯ. ಒಂದು ವಾರ ಆ ಎರಡು ಹೊತ್ತು ತೋಟಕ್ಕೆ ಹೋಗಿ, ಎಷ್ಟು ಬೆಕ್ಕು, ಯಾವ ಬಣ್ಣ, ಯಾವ ಕಡೆಯಿಂದ ಬರುತ್ತವೆ ಅಂತ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ನಾನು ಎರಡು ಬೆಕ್ಕು ಅಂದುಕೊಂಡಿದ್ದೆ. ಫೋಟೋ ಜೋಡಿಸಿ ನೋಡಿದರೆ ಐದು! ಕರಿ ಬೆಕ್ಕೇ ಎರಡಿದ್ದವು, ನಾನು ಒಂದೇ ಅಂತ ಎಣಿಸಿದ್ದೆ.

ನೋಡುವಾಗ ಒಂದು ವಿಷಯ ತಿಳಿದುಕೊಳ್ಳಿ. ಬೀದಿಯಲ್ಲಿರುವ ಬೆಕ್ಕುಗಳೆಲ್ಲ ಒಂದೇ ಅಲ್ಲ. ಯಾರೋ ಸಾಕಿ ಬಿಟ್ಟುಹೋದ ಬೆಕ್ಕು ಇರಬಹುದು, ದಾರಿ ತಪ್ಪಿದ್ದಿರಬಹುದು. ಅದು ನಿಮ್ಮನ್ನು ನೋಡಿ ಬಾಲ ಮೇಲೆತ್ತುತ್ತದೆ, ಮಿಯಾಂವ್ ಅನ್ನುತ್ತದೆ, ಹಗಲಲ್ಲೇ ಹತ್ತಿರ ಬರುತ್ತದೆ. ಮನುಷ್ಯರ ಕೈಯೇ ತಾಗದೆ ಹುಟ್ಟಿ ಬೆಳೆದ ಬೆಕ್ಕು ಹಾಗಲ್ಲ. ಮೈ ನೆಲಕ್ಕೆ ಒತ್ತಿಕೊಂಡು ನಡೆಯುತ್ತದೆ, ಕಣ್ಣಿಗೆ ಕಣ್ಣು ಬಿದ್ದರೆ ಕಲ್ಲಾಗಿ ನಿಲ್ಲುತ್ತದೆ, ಮನುಷ್ಯರ ಹತ್ತಿರ ಮಿಯಾಂವ್ ಅನ್ನುವುದೇ ಇಲ್ಲ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಕಡಿಮೆ. ಅದು ಹೆಚ್ಚಾಗಿ ನಮಗೋಸ್ಕರ ಇಟ್ಟುಕೊಂಡಿರುವ ಮಾತು. ಮೊದಲನೆಯ ಜಾತಿಯದಾದರೆ ಅದಕ್ಕೊಂದು ಮನೆ ಹುಡುಕಿ. ಈ ಲೇಖನ ಎರಡನೆಯದರ ಬಗ್ಗೆ.

ಕಿವಿಯನ್ನೂ ನೋಡಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತೆ ಇದ್ದರೆ, ಅದಕ್ಕೆ ಮಕ್ಕಳಾಗದ ಆಪರೇಷನ್ ಆಗಿದೆ ಅಂತ ಅರ್ಥ. ಮೈಮೇಲೆ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದ್ದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೆನ್ನೆ ಊದಿಕೊಂಡು ಮುಖ ದಪ್ಪಗಿದ್ದರೆ ಬಲಿತ ಗಂಡು.

ತೋಟದವರ ಜೊತೆ ಮಾತು

ಇದನ್ನು ನಾನು ಮಾಡಲಿಲ್ಲ. ಕದ್ದು ಹಾಕಿದೆ. ಮೂರನೇ ವಾರ ಪಕ್ಕದ ಮಡಿಯ ಆಂಟಿ ಕೈಯಲ್ಲಿ ಕುರ್ಪಿ ಹಿಡಿದುಕೊಂಡೇ ಬಂದರು. "ಏನಮ್ಮಾ, ನೀನು ಅಲ್ಲಿ ಊಟ ಹಾಕ್ತೀಯ, ಅವು ಬಂದು ನನ್ನ ಕೊತ್ತಂಬರಿ ಮಡೀಲಿ ಗಲೀಜು ಮಾಡ್ತಾವೆ. ಸೊಪ್ಪು ತಿನ್ನೋದು ಹೆಂಗೆ?" ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬೆಕ್ಕು ಇಷ್ಟವಿಲ್ಲದವರೂ ಅದೇ ತೋಟದ ಪಾಲುದಾರರು, ಅಲ್ವಾ?

ಹಾಗಾಗಿ ಮೊದಲೇ ಹೇಳಿ. ಎಲ್ಲಿ ಹಾಕುತ್ತೇನೆ, ಎಷ್ಟು ಹೊತ್ತಿಗೆ ಹಾಕುತ್ತೇನೆ, ತಟ್ಟೆ ಯಾರು ತೊಳೆಯುತ್ತಾರೆ, ಆಪರೇಷನ್ ಯಾವಾಗ ಮಾಡಿಸುತ್ತೇನೆ ಅಂತ. "ಇಲಿ ಕಮ್ಮಿ ಆಗುತ್ತೆ" ಅನ್ನುವ ಆಸೆ ತೋರಿಸಬಹುದು, ಆದರೆ ಜಾಸ್ತಿ ತೋರಿಸಬೇಡಿ. ಬೆಕ್ಕು ಸಣ್ಣ ಇಲಿ ಹಿಡಿಯುತ್ತದೆ. ಹೆಗ್ಗಣದ ತಂಟೆಗೆ ಹೋಗುವ ಬೆಕ್ಕು ಅಪರೂಪ. ನಮ್ಮ ಗುಂಡಿಯ ಹೆಗ್ಗಣ ಬೂದಿಯ ಎದುರೇ ರಾಜನಂತೆ ನಡೆದುಹೋಗುತ್ತದೆ.

ಕಾನೂನಿನ ಮಾತು ಬಂದರೆ ಇಷ್ಟು ಗೊತ್ತಿರಲಿ. 2023ರಲ್ಲಿ ಕೇಂದ್ರ ಸರ್ಕಾರ ತಂದ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳಲ್ಲಿ ಬಹುಪಾಲು ನಾಯಿಗಳ ವಿಷಯವೇ ಇದೆ. ಆದರೂ ಊಟ ಹಾಕುವ ಭಾಗದಲ್ಲಿ 'ಸಮುದಾಯ ಪ್ರಾಣಿ' ಅನ್ನುವ ಮಾತು ಬಳಸಿದ್ದಾರೆ. ಅದಕ್ಕೆ ವ್ಯವಸ್ಥೆ ಮಾಡುವುದು ನಿವಾಸಿಗಳ ಸಂಘದ ಜವಾಬ್ದಾರಿ. ಜಾಗ ಮಕ್ಕಳು ಆಡುವ ಕಡೆಯಿಂದ, ಜನ ಬಂದುಹೋಗುವ ಬಾಗಿಲಿನಿಂದ ದೂರ ಇರಬೇಕು, ಹಾಕುವವರು ಗಲೀಜು ಮಾಡಬಾರದು. ವಿಷ ಹಾಕುವುದು, ಹೊಡೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕಾನೂನಿನ ಪುಸ್ತಕ ಹಿಡಿದುಕೊಂಡು ಮಾತು ಶುರು ಮಾಡಬೇಡಿ. ಒಂದು ಕಟ್ಟು ದಂಟಿನ ಸೊಪ್ಪು ಹಿಡಿದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.

ಜಾಗ, ಹೊತ್ತು, ತಟ್ಟೆ

ಜಾಗ ಗೋಡೆಯ ಬದಿಯಲ್ಲಿರಲಿ. ಬೆಕ್ಕಿಗೆ ತಿನ್ನುವಾಗ ಬೆನ್ನ ಹಿಂದೆ ಆಸರೆ ಬೇಕು, ಓಡಲು ಎರಡು ದಾರಿ ಬೇಕು. ನಾಲ್ಕೂ ಕಡೆ ಬಯಲಾಗಿರುವ ಕಡೆ ಇಟ್ಟರೆ ಅದು ಒಂದು ತುತ್ತು ತಿಂದು ಮೂರು ಸಲ ತಿರುಗಿ ನೋಡುತ್ತದೆ. ನಮ್ಮದು ಸಾಮಾನಿನ ಶೆಡ್ಡಿನ ಹಿಂದೆ. ಅಲ್ಲಿಗೆ ನಾಯಿ ನುಗ್ಗುವುದಿಲ್ಲ.

ಹೊತ್ತು ಒಂದೇ ಇರಲಿ. ದಿನಕ್ಕೊಂದು ಸಲ ಸಾಕು, ಆದರೆ ದಿನಾ ಅದೇ ಹೊತ್ತಿಗೆ. ನಾನು ಬೆಳಿಗ್ಗೆ ಆರೂವರೆಗೆ ಹೋಗುತ್ತೇನೆ. ಸಂಜೆ ಕತ್ತಲಾದ ಮೇಲೆ ಹಾಕಿ ಬಂದರೆ ಉಳಿದದ್ದು ರಾತ್ರಿ ಹೆಗ್ಗಣದ ಪಾಲು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ, ಗಿಡಕ್ಕೆ ನೀರು ಬಿಡಿ, ಕಳೆ ಕೀಳಿ. ಆಮೇಲೆ ಉಳಿದದ್ದನ್ನು ತೆಗೆದು, ತಟ್ಟೆ ತೊಳೆದಿಟ್ಟು ಬನ್ನಿ. ನೀರಿನ ಬಟ್ಟಲು ಮಾತ್ರ ಇಡೀ ದಿನ ಅಲ್ಲೇ ಇರಲಿ, ಊಟದ ತಟ್ಟೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಇರುವೆ ಇರುವೆ ಇರುವೆ! ಮೊದಲ ತಿಂಗಳು ನನಗೆ ಬೆಕ್ಕಿಗಿಂತ ಇರುವೆಯದ್ದೇ ಚಿಂತೆ. ಅಜ್ಜಿ ತಿಂಡಿ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ. ಅಗಲವಾದ ತಟ್ಟೆಗೆ ನೀರು ಹಾಕಿ, ನಡುವೆ ಊಟದ ಬಟ್ಟಲು ಇಡಿ. ಬಟ್ಟಲು ಭಾರದ ಸ್ಟೀಲಿನದ್ದೋ ಮಣ್ಣಿನದ್ದೋ ಆಗಿರಲಿ. ತೆಳು ಪ್ಲಾಸ್ಟಿಕ್ ಆದರೆ ಬೆಕ್ಕು ಮೂತಿ ಒತ್ತಿದಾಗ ತೇಲಿಕೊಂಡು ಹೋಗುತ್ತದೆ.

ಬೆಕ್ಕಿಗೊಂದು ಬಟ್ಟಲು. ಐದು ಬೆಕ್ಕಿಗೆ ಒಂದೇ ತಟ್ಟೆ ಇಟ್ಟರೆ ದಪ್ಪ ಕೆನ್ನೆಯ ಗಂಡು ಒಂದೇ ತಿನ್ನುತ್ತದೆ.

ಏನು ಹಾಕಬೇಕು

ಹಾಲು ಬೇಡ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ ಕಥೆ ಕೇಳಿ ನಾವೆಲ್ಲ ನಕ್ಕಿದ್ದೇವೆ, ಆದರೆ ಆ ಬೆಕ್ಕಿನ ಹೊಟ್ಟೆ ಚೆನ್ನಾಗಿಯೇ ಇದ್ದಿರಬೇಕು. ಬಲಿತ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಅರಗುವುದಿಲ್ಲ, ಭೇದಿ ಹಿಡಿಯುತ್ತದೆ. ಬೀದಿ ಬೆಕ್ಕಿಗೆ ಭೇದಿ ಅಂದರೆ ಸಣ್ಣ ವಿಷಯವಲ್ಲ.

ಮೊಸರನ್ನ ಹಾಕುವವರು ಜಾಸ್ತಿ. "ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ ಹದಿನೈದು ವರ್ಷ ಬದುಕಿತ್ತು" ಅನ್ನುತ್ತಾರೆ. ಬದುಕಿತ್ತು ನಿಜ, ಅಟ್ಟದ ಇಲಿಗಳನ್ನು ತಿಂದು. ಬೆಕ್ಕಿಗೆ ಮಾಂಸ ಬೇಕೇ ಬೇಕು. ಟಾರಿನ್ ಅನ್ನುವ ಒಂದು ಅಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು, ಅದು ಬಹಳ ಕಾಲ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಾಯಿಗೆ ಹಾಕುವ ಪೆಡಿಗ್ರಿ ಕಾಳನ್ನು ಬೆಕ್ಕಿಗೆ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ.

ಮನೆಯಲ್ಲಿ ಮಾಂಸ ಮಾಡದವರಿಗೆ ಸುಲಭದ ದಾರಿ ಕ್ಯಾಟ್ ಫುಡ್ ಕಾಳು. ಗಾಳಿಯಾಡದ ಡಬ್ಬದಲ್ಲಿ ಹಾಕಿ ತೋಟದ ಶೆಡ್ಡಿನಲ್ಲೇ ಇಟ್ಟುಬಿಡಿ, ಅಡುಗೆಮನೆಗೆ ಬರುವ ಪ್ರಶ್ನೆಯೇ ಇಲ್ಲ. ನಾಲ್ಕು ಕೆಜಿಯ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಸಾಕು. ಐದು ಬೆಕ್ಕಾದರೆ ತಿಂಗಳಿಗೆ ಎಂಟು ಒಂಬತ್ತು ಕೆಜಿ. ಜೇಬು ನೋಡಿಕೊಂಡು ಶುರು ಮಾಡಿ. ಅರ್ಧ ಖರ್ಚು ಬೇರೆಯವರೂ ಹಂಚಿಕೊಂಡರೆ ಚೆನ್ನ.

ಮಾಂಸ ಬೇಯಿಸುವವರು ಕೋಳಿಯನ್ನು ಬರೀ ನೀರಲ್ಲಿ ಬೇಯಿಸಿ, ಮೂಳೆ ತೆಗೆದು ಹಾಕಿ. ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ರಕ್ತ ಕೆಡಿಸುತ್ತವೆ. ಹಾಗಾಗಿ ಭಾನುವಾರದ ಸಾರಿನಲ್ಲಿ ಉಳಿದ ತುಂಡನ್ನು "ಪಾಪ, ತಿನ್ನಲಿ" ಅಂತ ಹಾಕುವುದು ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೆ ಚುಚ್ಚುತ್ತದೆ. ಬೇಯಿಸಿದ ಮೊಟ್ಟೆ ಸರಿ. ಬೇಯಿಸಿ ಮುಳ್ಳು ತೆಗೆದ ಬೂತಾಯಿ, ಬಂಗುಡೆ ವಾರಕ್ಕೊಂದೆರಡು ಸಲ ಸರಿ. ಲಿವರ್ ಅಂದರೆ ಬೆಕ್ಕಿಗೆ ಪ್ರಾಣ, ಆದರೆ ದಿನಾ ಹಾಕಬಾರದು.

ಗೆಳೆತನ

ಇಲ್ಲಿ ನಿಧಾನ ಆಗಬೇಕು. ಮರಿಗಳು ಮನುಷ್ಯರಿಗೆ ಸುಲಭವಾಗಿ ಹೊಂದಿಕೊಳ್ಳುವ ಕಾಲ ಹುಟ್ಟಿದ ಎರಡನೇ ವಾರದಿಂದ ಏಳೆಂಟನೇ ವಾರದವರೆಗೆ. ಆ ಕಾಲದಲ್ಲಿ ಒಬ್ಬ ಮನುಷ್ಯನ ಮಡಿಲೂ ಕಾಣದ ಬೆಕ್ಕಿಗೆ ನಾವು ಒಂದು ದೊಡ್ಡ ಪ್ರಾಣಿ, ಅಷ್ಟೆ. ಕೆಲವು ಬೆಕ್ಕುಗಳು ಎಷ್ಟು ವರ್ಷ ಊಟ ಹಾಕಿದರೂ ಮುಟ್ಟಲು ಬಿಡುವುದಿಲ್ಲ. ಇದನ್ನು ಒಪ್ಪಿಕೊಂಡೇ ಶುರು ಮಾಡಿ. ಇಲ್ಲದಿದ್ದರೆ "ಇಷ್ಟು ದಿನ ಹಾಕಿದೆ, ಕೃತಜ್ಞತೆಯೇ ಇಲ್ಲ" ಅಂತ ಬೇಜಾರಾಗುತ್ತದೆ.

ನಾನು ಮಾಡಿದ್ದು ಹೀಗೆ. ಬರುವಾಗ ಬಟ್ಟಲಿಗೆ ಚಮಚದಿಂದ ಮೂರು ಸಲ ಟಣ್ ಟಣ್ ಟಣ್. ದಿನಾ ಅದೇ ಸದ್ದು. ಮೊದಲ ಎರಡು ವಾರ ಊಟ ಇಟ್ಟು ಹೊರಟುಹೋಗುತ್ತಿದ್ದೆ, ಹೀರೇಕಾಯಿ ಚಪ್ಪರದ ಹಿಂದಿನಿಂದ ನೋಡುತ್ತಿದ್ದೆ. ಮೂರನೇ ವಾರ ಹತ್ತು ಹೆಜ್ಜೆ ದೂರದಲ್ಲಿ ಮಣೆ ಹಾಕಿಕೊಂಡು ಕೂತೆ. ನಿಂತ ಮನುಷ್ಯನಿಗೆ ಬೆಕ್ಕು ಹೆದರುತ್ತದೆ, ಕೂತರೆ ಅರ್ಧ ಹೆದರಿಕೆ ಕಮ್ಮಿ. ಅದರ ಕಡೆ ಮುಖ ಮಾಡಿ ಕೂರಬೇಡಿ, ಪಕ್ಕಕ್ಕೆ ತಿರುಗಿ. ಸೊಪ್ಪು ಬಿಡಿಸುತ್ತಾ ಇರಿ, ಮೆಲ್ಲಗೆ ಮಾತಾಡುತ್ತಾ ಇರಿ. ನಾನು ದಿನದ ತರಕಾರಿ ಲೆಕ್ಕ ಹೇಳುತ್ತಿದ್ದೆ. ವಾರಕ್ಕೊಂದು ಹೆಜ್ಜೆ ಮಣೆ ಮುಂದೆ. ಬೆಕ್ಕು ತಿನ್ನುವುದು ನಿಲ್ಲಿಸಿ ನೋಡಿದರೆ ಎರಡು ಹೆಜ್ಜೆ ಹಿಂದೆ.

ಕಣ್ಣು ನೆಟ್ಟು ನೋಡುವುದು ಬೆಕ್ಕಿನ ಭಾಷೆಯಲ್ಲಿ ಜಗಳದ ಮಾತು. ಅದು ನಿಮ್ಮನ್ನು ನೋಡಿದಾಗ ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ಮುಚ್ಚಿ, ಮತ್ತೆ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದವರ ಹತ್ತಿರ ಬೆಕ್ಕುಗಳು ಹೆಚ್ಚು ಬಂದವು, ತಾವೂ ಹಾಗೇ ಮಿಟುಕಿಸಿದವು. ಅವು ಮನೆಯಲ್ಲಿ ಸಾಕಿದ ಬೆಕ್ಕುಗಳು. ಬೂದಿ ನನಗೆ ತಿರುಗಿ ಕಣ್ಣು ಮಿಟುಕಿಸಿದ್ದು ಮೂರನೇ ತಿಂಗಳಲ್ಲಿ. ಬಿಸಿಲು ಕಣ್ಣಿಗೆ ಬಿದ್ದಿತ್ತೋ ಏನೋ ಅಂತ ಅನುಮಾನ ಬಂತು. ಮಾರನೇ ದಿನ ಮೋಡ ಇತ್ತು, ಮತ್ತೆ ಮಿಟುಕಿಸಿತು.

ಎಡವಟ್ಟು ಆಮೇಲೆ ಆಯಿತು. ಒಂದು ಬೆಳಿಗ್ಗೆ ಅದು ನನ್ನ ಮಣೆಯ ಪಕ್ಕದಲ್ಲೇ ತಿನ್ನುತ್ತಿತ್ತು. ಬೆನ್ನು ಅಲ್ಲೇ ಇತ್ತು, ಒಂದು ಗೇಣು ದೂರ. ತಡೆಯಲಾಗಲಿಲ್ಲ, ಮೇಲಿನಿಂದ ಕೈ ಇಳಿಸಿದೆ. ಏನಾಯಿತು ಅಂತ ಗೊತ್ತಾಗುವ ಮೊದಲೇ ಮಣಿಕಟ್ಟಿನ ಮೇಲೆ ನಾಲ್ಕು ಗೆರೆ, ಗೆರೆಯಲ್ಲಿ ರಕ್ತ. ಬೆಕ್ಕು ನುಗ್ಗೆ ಮರದ ಮೇಲೆ. ಬೆಕ್ಕಿನ ದೃಷ್ಟಿಯಲ್ಲಿ ಮೇಲಿನಿಂದ ಬರುವುದು ಹದ್ದು. ತಪ್ಪು ನನ್ನದೇ.

ಪರಚಿದರೆ, ಕಚ್ಚಿದರೆ, ಹೀಗೆ ಮಾಡಿ. ತಕ್ಷಣ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಿ. ರೇಬಿಸ್ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಔಷಧಿ ಇಲ್ಲ. ಡಾಕ್ಟರು ಹೇಳಿದ ದಿನಗಳಲ್ಲಿ ಅಷ್ಟೂ ಡೋಸ್ ಮುಗಿಸಿ. ಟಿಟಿ ಇಂಜೆಕ್ಷನ್ನೂ ಬೇಕಾಗಬಹುದು. ಬೆಕ್ಕಿನ ಕಡಿತ ನೋಡಲು ಚಿಕ್ಕ ತೂತು, ಆದರೆ ಹಲ್ಲು ಆಳಕ್ಕೆ ಇಳಿದಿರುತ್ತದೆ, ಬೇಗ ಕೀವಾಗುತ್ತದೆ.

ಆಮೇಲೆ ನಾನು ಮತ್ತೆ ಹತ್ತು ಹೆಜ್ಜೆ ದೂರದಿಂದ ಶುರು ಮಾಡಿದೆ. ಏಳನೇ ತಿಂಗಳಲ್ಲಿ ಒಂದು ದಿನ ಕೈಯನ್ನು ನೆಲದ ಮೇಲೆ ಸುಮ್ನೆ ಇಟ್ಟುಕೊಂಡು, ಒಂದು ಬೆರಳು ಮುಂದೆ ಮಾಡಿ ಕೂತಿದ್ದೆ. ಬೂದಿ ಕುತ್ತಿಗೆಯನ್ನಷ್ಟೇ ಉದ್ದ ಮಾಡಿ, ಹಿಂಗಾಲು ಓಡಲು ಸಿದ್ಧವಾಗಿಟ್ಟುಕೊಂಡೇ, ಬೆರಳಿನ ತುದಿ ಮೂಸಿತು. ಮೂಗು ತಣ್ಣಗಿತ್ತು. ನಾನು ಉಸಿರು ಬಿಟ್ಟ ಸದ್ದಿಗೇ ಹಿಂದೆ ಸರಿಯಿತು.

ಕೊತ್ತಂಬರಿ ಮಡಿ ಉಳಿಸುವುದು

ಸಡಿಲ ಮಣ್ಣು ಕಂಡರೆ ಬೆಕ್ಕಿಗೆ ಅದೇ ಕಕ್ಕಸು. ಆಂಟಿಯ ಜೊತೆ ರಾಜಿಯಾಗಿದ್ದು ಮರಳಿನ ಗುಂಡಿಯಿಂದ. ತೋಟದ ತುದಿಯಲ್ಲಿ ಎರಡಡಿ ಅಗಲದ ಜಾಗಕ್ಕೆ ಮರಳು ಸುರಿದು, ಮೊದಲ ದಿನ ಬೆಕ್ಕಿನ ಗಲೀಜನ್ನೇ ಒಂದಿಷ್ಟು ಅದರಲ್ಲಿ ಹೂತೆ. ವಾಸನೆ ಹಿಡಿದು ಬಂದವು. ಹೊಸದಾಗಿ ಬೀಜ ಹಾಕಿದ ಮಡಿಯ ಮೇಲೆ ಒಣ ಕಡ್ಡಿಗಳನ್ನು ಅಡ್ಡಡ್ಡ ಹಾಕಿ, ಅಥವಾ ಕೋಳಿ ಜಾಲರಿ ಹಾಸಿ. ಕಾಲಿಡಲು ಕಿರಿಕಿರಿಯಾದರೆ ಬೆಕ್ಕು ಬೇರೆ ಕಡೆ ಹೋಗುತ್ತದೆ.

ಈ ಮರಳಿನ ಗುಂಡಿಯನ್ನು ದಿನಾ ಚೊಕ್ಕ ಮಾಡಿ. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣು ಇರಬಹುದು. ಅದು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು, ಹಾಗಾಗಿ ದಿನಾ ತೆಗೆದರೆ ಅಪಾಯ ಕಮ್ಮಿ. ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕಬಾರದು, ಮಡಿ ಕೆಲಸವನ್ನೂ ಗ್ಲೌಸ್ ಹಾಕಿಕೊಂಡೇ ಮಾಡಬೇಕು. ಸೊಪ್ಪು ಚೆನ್ನಾಗಿ ತೊಳೆಯಬೇಕು ಅನ್ನುವುದು ಬೆಕ್ಕು ಇಲ್ಲದಿದ್ದರೂ ಸರಿಯೇ.

ತೋಟದ ಸಾಮಾನಿನಲ್ಲೇ ಬೆಕ್ಕಿಗೆ ವಿಷ ಇದೆ. ಇಲಿ ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು. ಬಸವನಹುಳುವಿಗೆ ಹಾಕುವ ಕಾಳುಗಳಲ್ಲಿ ಮೆಟಾಲ್ಡಿಹೈಡ್ ಇರುತ್ತದೆ, ಅದೂ ಅಪಾಯ. ಹರಳು ಹಿಂಡಿ ಗೊಬ್ಬರವನ್ನು ಬೆಕ್ಕು, ನಾಯಿ ನೆಕ್ಕಬಾರದು. ಬೇವಿನ ಹಿಂಡಿ ಬಳಸಿ. ಜ್ವರ ಬಂದಂತೆ ಕಂಡ ಬೆಕ್ಕಿಗೆ ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಚೂರು ಮಾಡಿ ಕೊಟ್ಟರೆ ಕೊಂದಂತೆಯೇ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಹಾಗೇ.

ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಬಿಡುವುದಿಲ್ಲ. ಓತಿಕ್ಯಾತ, ಗುಬ್ಬಿ, ಅಳಿಲು ಹೋಗುತ್ತವೆ, ನೋಡಿ ಹೊಟ್ಟೆ ಉರಿಯುತ್ತದೆ. ಹಕ್ಕಿಗಳ ನೀರಿನ ಬಟ್ಟಲನ್ನು ಪೊದೆಯಿಂದ ದೂರ, ಎತ್ತರಕ್ಕೆ ಕಟ್ಟಿ.

ಆಪರೇಷನ್ ಇಲ್ಲದಿದ್ದರೆ ಊಟವೂ ಬೇಡ

ಇದು ನನ್ನ ಖಚಿತ ಅಭಿಪ್ರಾಯ, ಕೆಲವರಿಗೆ ಕಟು ಅನ್ನಿಸಬಹುದು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಒಂಬತ್ತು ವಾರಕ್ಕೆ ಮರಿ. ಮರಿ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ. ಊಟ ಚೆನ್ನಾಗಿ ಸಿಕ್ಕಷ್ಟೂ ಮರಿಗಳು ಜಾಸ್ತಿ, ಆಮೇಲೆ ಬರುವ ವೈರಸ್ ರೋಗಕ್ಕೆ ಒಂದೇ ವಾರದಲ್ಲಿ ಮರಿಗಳೆಲ್ಲ ಹೋಗುವುದೂ ಉಂಟು. ಅದನ್ನು ಒಂದು ಸಲ ನೋಡಿದ್ದೇನೆ, ಮತ್ತೆ ನೋಡಲಾರೆ.

ಮೊದಲು ಪಶುವೈದ್ಯರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, 1991ರಿಂದ ಇರುವ ಕ್ಯೂಪಾದಂಥ ಪ್ರಾಣಿ ದಯಾ ಸಂಸ್ಥೆಗಳಿವೆ, ಖಾಸಗಿ ಕ್ಲಿನಿಕ್‌ಗಳಿವೆ. ಬೀದಿ ಬೆಕ್ಕು ಅಂತ ಮೊದಲೇ ಹೇಳಿ, ಎಲ್ಲರೂ ಒಪ್ಪುವುದಿಲ್ಲ. ಬೋನು ಪ್ರಾಣಿ ದಯಾ ಸಂಘದವರ ಹತ್ತಿರ ಕೇಳಿ ನೋಡಿ. ಒಂದು ವಾರ ಬೋನಿನ ಬಾಗಿಲನ್ನು ದಾರದಿಂದ ತೆರೆದು ಕಟ್ಟಿ, ಊಟ ಅದರೊಳಗೇ ಇಡಿ. ಹಿಂದಿನ ದಿನ ಸಂಜೆಯಿಂದ ಏನೂ ಹಾಕಬೇಡಿ. ಬೆಳಿಗ್ಗೆ ದಾರ ಬಿಚ್ಚಿ ಬೂತಾಯಿ ತುಂಡು ಒಳಗಿಡಿ. ಬಾಗಿಲು ಬಿದ್ದ ಕೂಡಲೇ ಹಳೆ ಬೆಡ್‌ಶೀಟ್ ಪೂರ್ತಿ ಹೊದಿಸಿ. ಕತ್ತಲಾದರೆ ಬೆಕ್ಕು ಒದ್ದಾಡುವುದು ನಿಲ್ಲಿಸುತ್ತದೆ. ಬೆರಳು ಒಳಗೆ ಹಾಕಬೇಡಿ.

ಮೊಲೆ ತುಂಬಿಕೊಂಡ ಹೆಣ್ಣನ್ನು ಹಿಡಿಯಬೇಡಿ, ಎಲ್ಲೋ ಮರಿಗಳು ಕಾಯುತ್ತಿರುತ್ತವೆ. ಮರಿ ಊಟ ತಿನ್ನಲು ಕಲಿತ ಮೇಲೆ ನೋಡಿ. ಆಪರೇಷನ್ ಜೊತೆಗೇ ರೇಬಿಸ್ ಲಸಿಕೆ ಹಾಕಿಸಿ, ಕಿವಿ ತುದಿ ಗುರುತು ಮಾಡಿಸಿ. ಗಂಡನ್ನು ಒಂದು ರಾತ್ರಿ, ಹೆಣ್ಣನ್ನು ಎರಡು ಮೂರು ದಿನ ಬೋನಿನಲ್ಲೇ ನೋಡಿಕೊಂಡು, ಹಿಡಿದ ಜಾಗದಲ್ಲೇ ಬಿಡಿ. "ದೂರ ಎಲ್ಲಾದರೂ ಬಿಟ್ಟು ಬನ್ನಿ" ಅನ್ನುವವರು ಇರುತ್ತಾರೆ. ಬಿಟ್ಟ ಬೆಕ್ಕು ಹೊಸ ಜಾಗದಲ್ಲಿ ಉಳಿಯುವುದು ಕಷ್ಟ, ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಗೊಬ್ಬರದ ಚೀಲಗಳ ನಡುವೆ ಮರಿ ಕಂಡರೆ ಎತ್ತಿಕೊಂಡು ಓಡಬೇಡಿ. ತಾಯಿ ಊಟಕ್ಕೆ ಹೋಗಿರುತ್ತದೆ. ದೂರದಿಂದ ಕೆಲವು ಗಂಟೆ ಕಾಯಿರಿ. ಎಂಟು ವಾರದೊಳಗಿನ ಮರಿಯನ್ನು ಪಳಗಿಸಿ ಒಳ್ಳೆ ಮನೆಗೆ ಕೊಡಬಹುದು, ತಾಯಿಯ ಹಾಲು ಬಿಟ್ಟ ಮೇಲೆ.

ಮಳೆ, ರಜೆ

ಮಳೆಗೆ ಮೀನಿನ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆ ಸಾಕು. ಬದಿಯಲ್ಲಿ ಬೆಕ್ಕು ನುಗ್ಗುವಷ್ಟು ಮಾತ್ರ ತೂತು, ಒಂದು ಗೇಣಿಗಿಂತ ಕಮ್ಮಿ. ಒಳಗೆ ಭತ್ತದ ಒಣಹುಲ್ಲು. ಗೋಣಿಚೀಲ ಹಾಕಿದರೆ ಒದ್ದೆ ಹಿಡಿದುಕೊಳ್ಳುತ್ತದೆ. ಎರಡು ಇಟ್ಟಿಗೆ ಮೇಲೆ ಇಟ್ಟು, ಮೇಲೊಂದು ಕಲ್ಲು ಹೇರಿ.

ನೀವು ಊರಿಗೆ ಹೋದಾಗ ಹಾಕುವವರು ಯಾರು ಅನ್ನುವುದನ್ನು ಊರಿಗೆ ಹೋಗುವ ಹಿಂದಿನ ದಿನ ಯೋಚಿಸಬೇಡಿ. ಶೆಡ್ಡಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ವಾರದ ದಿನಗಳ ಮುಂದೆ ಮನೆ ನಂಬರ್ ಬರೆಯಿರಿ. ಎಷ್ಟು ಅಳತೆ, ಎಷ್ಟು ಬಟ್ಟಲು, ಚಮಚದ ಟಣ್ ಟಣ್ ಮೂರು ಸಲ ಅಂತಲೂ ಬರೆಯಿರಿ.

ಹೋದ ದಸರಾ ರಜೆಯಲ್ಲಿ ನಾನು ಐದು ದಿನ ಊರಲ್ಲಿರಲಿಲ್ಲ. ಹಾಳೆಯಲ್ಲಿ ಖಾಲಿ ಉಳಿದಿದ್ದ ಎರಡು ದಿನಗಳ ಮುಂದೆ ಕೊತ್ತಂಬರಿ ಆಂಟಿ ತಮ್ಮ ಮನೆ ನಂಬರ್ ಬರೆದಿದ್ದರು. ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಅವರ ಮೆಸೇಜ್ ಬಂತು: "ಬೂದಿ ತಿಂದಳು. ನೀರಿನ ತಟ್ಟೇಲಿ ಇರುವೆ ಇತ್ತು, ಬದಲಾಯಿಸಿದೀನಿ. ಈಗ ನನ್ನ ಕೊತ್ತಂಬರಿ ಮೇಲೆ ಮಲಗಿದಾಳೆ. ನೀನು ಬಾ, ಮಾತಾಡೋದಿದೆ."